ಡೇರೆಗೆ ಬಂದ ಮನೆಯವರು

ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗೆ ಎತ್ತರದ ಗೋಡೆಯೇ ಗುರುತು. ರೋಗಿಯನ್ನು ಒಳಗೆ ಬಿಟ್ಟವರು ಊರಿಗೆ ಮರಳಿದರೆ ಎಷ್ಟೋ ಸಲ ಸಂಬಂಧ ಅಲ್ಲಿಗೇ ಕಡಿದುಹೋಗುತ್ತಿತ್ತು. ಕಾಯಿಲೆ ಇಳಿದರೂ ಕರೆದೊಯ್ಯುವವರಿಲ್ಲದೆ ಅಲ್ಲೇ ಮುದುಕರಾದವರಿದ್ದರು.

ಈ ರೂಢಿಯನ್ನು ಮುರಿದದ್ದು ಅಮೃತಸರದ ಮಾನಸಿಕ ಆಸ್ಪತ್ರೆ. ದೇಶ ವಿಭಜನೆಯಾದ ಮೇಲೆ, 1950ರಲ್ಲಿ, ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು ಗಡಿ ದಾಟಿಸಿ ಅಲ್ಲಿಗೆ ತಂದರು. ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯ ಹಿನ್ನೆಲೆ ಇದೇ ವಿನಿಮಯ. ರೋಗಿಗಳು ಕಿಕ್ಕಿರಿದಿದ್ದ ಆ ಆಸ್ಪತ್ರೆಯ ಮುಖ್ಯಸ್ಥ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರಲಿ ಎಂದರು.

ಕೊರತೆಯಿಂದ ಹುಟ್ಟಿದ ಏರ್ಪಾಡು ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಪಕ್ಕದಲ್ಲೇ ಇದ್ದ ತಾಯಿಯೋ ಹೆಂಡತಿಯೋ ಕಾಯಿಲೆ ಏರುವುದನ್ನೂ ಇಳಿಯುವುದನ್ನೂ ಕಣ್ಣಾರೆ ಕಂಡರು. ವಿದ್ಯಾಸಾಗರ್ ಈ ಮನೆಯವರನ್ನೆಲ್ಲ ಕೂರಿಸಿಕೊಂಡು ತಿಳಿಹೇಳುತ್ತಿದ್ದರು. ಹೀಗೆ ಕಲಿತು ಮನೆಗೆ ಹೋದವರು, ಈ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ತಮ್ಮೂರಿನಲ್ಲಿ ಸಾಕ್ಷಿಯಾದರು. ಅದೇ ದಶಕದಲ್ಲಿ ಬಂದ ಕ್ಲೋರ್‌ಪ್ರೊಮಜೀನ್ ಮಾತ್ರೆಯ ಪಾಲೂ ಇದರಲ್ಲಿದೆ. ಆದರೆ ಮಾತ್ರೆಯನ್ನು ನಿತ್ಯ ನೆನಪಿಸಲು ಮನೆಯಲ್ಲಿ ಒಂದು ಜೀವ ಬೇಕಲ್ಲ!

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದೇ ಹಾದಿ ಹಿಡಿಯಿತು. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನೆಯವರೂ ಉಳಿಯುವ ವಾರ್ಡುಗಳು ಅಲ್ಲಿಯೂ ಬಂದವು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿದ್ದ ಅದರ ಕೇಂದ್ರದಿಂದ ವೈದ್ಯರು ಹಳ್ಳಿಗಳಿಗೇ ಹೋದರು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಇಂಥದೇ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೂ ಈ ಚರಿತ್ರೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಮನೆಯವರ ಮಾತು ಕೇಳಿಸಿಕೊಂಡಷ್ಟು ರೋಗಿಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮದುವೆ, ಓದು, ದುಡಿಮೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದರೆ ಎಷ್ಟೇ ಅಕ್ಕರೆಯ ಮನೆಯಾದರೂ ಉಸಿರು ಕಟ್ಟುತ್ತದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿ, ಮರಗೆಲಸದಂಥ ಘಟಕಗಳ ಬೆಲೆ ತಿಳಿಯುವುದು ಇಲ್ಲಿಯೇ. ಕೈಗೆ ಕೆಲಸ, ಕಲಿಯಲೊಂದು ಕಸುಬು, ನಾಳೆ ಹೀಗೆ ಬದುಕಬೇಕು ಎಂಬ ಸ್ವಂತದ ಆಸೆ, ಇವೂ ಚಿಕಿತ್ಸೆಯೇ.

ಕಾನೂನು ಈ ಮಾತನ್ನು ಒಪ್ಪಿದ್ದು ತೀರಾ ತಡವಾಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿಯೇ ಮುಂಚಿತವಾಗಿ ಬರೆದಿಡಬಹುದು. ಮನೆಯವರು ಸೇರಿಸಿಕೊಳ್ಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ.