ರಾಜತಾಂತ್ರಿಕತೆಯ ವ್ಯಾಸಂಗ: ಸಪ್ರು ಹೌಸ್‌ನಿಂದ ಜೆಎನ್‌ಯುವರೆಗೆ

ನವದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ (ಜೆಎನ್‌ಯು) ಅಂತಾರಾಷ್ಟ್ರೀಯ ಅಧ್ಯಯನ ಶಾಲೆಯು ವಿಶ್ವವಿದ್ಯಾಲಯಕ್ಕಿಂತಲೂ ಹಳೆಯದು. ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿಯ ಆಶ್ರಯದಲ್ಲಿ, ಹೃದಯನಾಥ ಕುಂಜ್ರು ಅವರ ಮುತುವರ್ಜಿಯಿಂದ, 1955ರಲ್ಲಿ ಸಪ್ರು ಹೌಸ್‌ನಲ್ಲಿ ಇದು ಆರಂಭವಾಯಿತು. ಎ. ಅಪ್ಪಾದೊರೈ ಮೊದಲ ನಿರ್ದೇಶಕರು. 1961ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಶಾಲೆಯು 1970ರಲ್ಲಿ ಜೆಎನ್‌ಯುವಿನಲ್ಲಿ ವಿಲೀನಗೊಂಡಿತು.

ಸಂಸ್ಥಾಪಕರ ಉದ್ದೇಶ ರಾಯಭಾರಿಗಳನ್ನು ತಯಾರು ಮಾಡುವುದಕ್ಕಿಂತ ಹೆಚ್ಚಾಗಿ ತಜ್ಞರನ್ನು ರೂಪಿಸುವುದಾಗಿತ್ತು. ಹೊಸದಾಗಿ ಸ್ವತಂತ್ರವಾದ ದೇಶವೊಂದು ಚೀನಾ, ರಷ್ಯಾ, ಪಶ್ಚಿಮ ಏಷ್ಯಾ, ಆಫ್ರಿಕಾಗಳನ್ನು ಪಾಶ್ಚಾತ್ಯ ಲೇಖಕರ ಗ್ರಂಥಗಳ ಮೂಲಕವೇ ಅರಿಯಬೇಕಾದ ಸ್ಥಿತಿ ಆಗಿನದು. ಆದ್ದರಿಂದಲೇ ಪ್ರದೇಶವಾರು ಅಧ್ಯಯನ ಶಾಲೆಯ ಬೆನ್ನೆಲುಬಾಯಿತು. ಒಂದು ಪ್ರದೇಶದ ಇತಿಹಾಸ, ಆರ್ಥಿಕತೆ, ರಾಜಕೀಯದೊಡನೆ ಅಲ್ಲಿನ ಭಾಷೆಯನ್ನೂ ಕಲಿಯದೆ ಈ ಅಧ್ಯಯನ ಪೂರ್ಣವಾಗದು. ಪತ್ರಿಕೆಗಳ ಅನುವಾದ ಓದಿ ಬರೆದ ಪ್ರಬಂಧಕ್ಕೂ ಮೂಲ ದಾಖಲೆ ಓದಿ ಬರೆದದ್ದಕ್ಕೂ ಅಜಗಜಾಂತರವಿದೆ. ಅಂತಾರಾಷ್ಟ್ರೀಯ ಕಾನೂನು, ನಿಶ್ಶಸ್ತ್ರೀಕರಣ, ಅಂತಾರಾಷ್ಟ್ರೀಯ ವ್ಯಾಪಾರ ಉಳಿದ ಪ್ರಮುಖ ವಿಷಯಗಳು.

ಈ ಪದವಿ ಪಡೆದವರಿಗೆ ವಿದೇಶಾಂಗ ಸೇವೆಯ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲೂ ಪೋಷಕರಲ್ಲೂ ವ್ಯಾಪಕವಾಗಿದೆ. ವಾಸ್ತವ ಬೇರೆ. ಭಾರತೀಯ ವಿದೇಶಾಂಗ ಸೇವೆಗೆ (ಐಎಫ್‌ಎಸ್) ನೇರ ನೇಮಕಾತಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕವೇ ನಡೆಯುತ್ತದೆ. ಅದಕ್ಕೆ ಯಾವುದೇ ವಿಷಯದ ಪದವಿ ಸಾಕು. ಪ್ರತಿವರ್ಷ ಈ ಸೇವೆಗೆ ದೊರೆಯುವ ಸ್ಥಾನಗಳು ನೂರಕ್ಕಿಂತಲೂ ಕಡಿಮೆ. ಜೆಎನ್‌ಯುವಿನಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಡಾಕ್ಟರೇಟ್ ಪಡೆದು, 2019ರಲ್ಲಿ ವಿದೇಶಾಂಗ ಸಚಿವರಾದ ಎಸ್. ಜೈಶಂಕರ್ ಅವರೂ ಈ ಪರೀಕ್ಷೆಯ ಮೂಲಕವೇ 1977ರಲ್ಲಿ ಸೇವೆ ಸೇರಿದವರು. ಇನ್ನು 1949ರಲ್ಲಿ ಐಎಫ್‌ಎಸ್ ಪ್ರವೇಶಿಸಿದ ಪ್ರಥಮ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮ ಓದಿದ್ದು ಇಂಗ್ಲಿಷ್ ಸಾಹಿತ್ಯವನ್ನು. ಆಯ್ಕೆಯಾದವರಿಗೆ ವೃತ್ತಿ ತರಬೇತಿ ನೀಡುವ ಸಂಸ್ಥೆಯೇ ಬೇರೆ. 1986ರಲ್ಲಿ ಸ್ಥಾಪನೆಯಾದ ಅದಕ್ಕೆ 2020ರಲ್ಲಿ ಸುಷ್ಮಾ ಸ್ವರಾಜ್ ಅವರ ಹೆಸರಿಡಲಾಯಿತು. ತರಬೇತಿಯ ಅವಧಿಯಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ಒಂದು ವಿದೇಶಿ ಭಾಷೆ ಕಡ್ಡಾಯ.

ಹಾಗಿದ್ದರೂ ವ್ಯಾಸಂಗ ವ್ಯರ್ಥವಲ್ಲ. ಮುಖ್ಯ ಪರೀಕ್ಷೆಯಲ್ಲಿ 'ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು' ಐಚ್ಛಿಕ ವಿಷಯವಾಗಿದ್ದು, ಉತ್ತರಗಳನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಪರೀಕ್ಷೆಯ ಹೊರಗೆ ಅಧ್ಯಾಪನ, ಪತ್ರಿಕೋದ್ಯಮ, ಸಂಶೋಧನಾ ಸಂಸ್ಥೆಗಳ ಹಾದಿಯೂ ಇದೆ. ಅಲ್ಲಿ ಪದವಿಗಿಂತ ಭಾಷಾಜ್ಞಾನಕ್ಕೇ ಹೆಚ್ಚು ಬೆಲೆ.

ಕರ್ನಾಟಕದಲ್ಲಿ ಮಣಿಪಾಲದ ಮಾಹೆಯು ಭೂರಾಜಕೀಯ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳಿಗಾಗಿ ಪ್ರತ್ಯೇಕ ವಿಭಾಗವನ್ನು ಹೊಂದಿದೆ. ಜೆಎನ್‌ಯುವಿನ ಸ್ನಾತಕೋತ್ತರ ಪ್ರವೇಶ ಈಗ ಸಿಯುಇಟಿ ಪರೀಕ್ಷೆಯ ಮೂಲಕ. ಎಂ.ಫಿಲ್. ಪದವಿಯನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿರುವುದರಿಂದ ಎಂ.ಎ. ನಂತರದ ಮೆಟ್ಟಿಲು ಪಿಎಚ್‌.ಡಿ.