ಮರಗೆಲಸದ ಸೀಟು, ಓಡುವ ಹಾಸಿಗೆ

ನಾಸಿಕ್‌ನಲ್ಲಿರುವ ನನ್ನ ಗೆಳೆಯ ಕಲಬುರಗಿಯವನು. ಹೋದ ವರ್ಷ ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕೊಂಡ. ಅದರೊಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಹೆಂಡತಿ ಮಕ್ಕಳೊಂದಿಗೆ ಊರೂರು ಸುತ್ತುವ ಆಸೆ. ಕಂಪನಿ ಸೀಟುಗಳನ್ನು ಬಿಚ್ಚಿಸಿ, ಬಡಗಿಯಿಂದ ಪ್ಲೈವುಡ್ಡಿನ ಎರಡು ಉದ್ದನೆಯ ಪೆಟ್ಟಿಗೆ ಮಾಡಿಸಿ ಎದುರುಬದುರು ಇಡಿಸಿದ್ದ. ಹಗಲು ಕೂರಲು, ರಾತ್ರಿ ಮಲಗಲು. "ನೀ ಎಂಟೆಕ್ ಮಾಡೀದಿ, ಬೋಲ್ಟ್ ಎಲ್ಲಿ ಹಾಕ್ಬೇಕು ಹೇಳಪಾ" ಅಂದ. ನಾನು ದಿನವಿಡೀ ಮಾಡುವುದು ಎಕ್ಸೆಲ್ ಶೀಟಿನ ಕೆಲಸ. ಆದರೂ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅದರ ಉತ್ತರ ನಾವು ಓಡಾಡುವ ನಾಸಿಕ್–ಸಂಭಾಜಿನಗರದ ದಾರಿಗಳಲ್ಲೇ ಇತ್ತು.

2023ರಲ್ಲಿ ಹೆಸರು ಬದಲಾಗುವವರೆಗೂ ಔರಂಗಾಬಾದ್ ಆಗಿದ್ದ ಆ ಊರು, ಗೆಳೆಯನ ಕಲಬುರಗಿ, ಎರಡೂ ಒಂದು ಕಾಲಕ್ಕೆ ನಿಜಾಮನ ಸಂಸ್ಥಾನದವು. ಅಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರಲ್ಲಿ, 27 ಬಸ್ಸುಗಳೊಂದಿಗೆ, ರೈಲ್ವೆಯ ಜೊತೆಗೇ. ಈ ಕಡೆ ಮುಂಬೈ ಪ್ರಾಂತ್ಯದ ಎಸ್.ಟಿ. ಮೊದಲ ಬಸ್ಸು ಪುಣೆಯಿಂದ ಅಹಮದ್‌ನಗರಕ್ಕೆ ಹೊರಟದ್ದು 1948ರ ಜೂನ್ 1ರಂದು. ಅದರ ಒಡಲು ಮರದ್ದು. ಇಂದಿಗೂ ಸಂಭಾಜಿನಗರದ ಚಿಕಲಠಾಣಾದಲ್ಲಿ ಎಸ್.ಟಿ. ಬಸ್ಸುಗಳಿಗೆ ಒಡಲು ಕಟ್ಟುವ ಕಾರ್ಯಾಗಾರವಿದೆ.

ನಮ್ಮ ದೇಶದಲ್ಲಿ ಬಸ್ಸು ಹುಟ್ಟಿ ಬೆಳೆದ ಬಗೆಯೇ ಹಾಗೆ. ಕಂಪನಿ ಎಂಜಿನ್, ಚಕ್ರ, ಚಾಸಿ ಕೊಡುತ್ತದೆ. ಮೇಲಿನದನ್ನೆಲ್ಲ ಬೇರೆಯವರು ಕಟ್ಟುತ್ತಾರೆ. ಹಾಗಾಗಿ ಚಾಸಿ ಯಂತ್ರವಾಯಿತು, ಸೀಟು ಪೀಠೋಪಕರಣವಾಯಿತು. ಎಷ್ಟು ಮೆತ್ತಗಿದೆ, ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದೆವೇ ಹೊರತು, ಡಿಕ್ಕಿಯಾದಾಗ ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದೆಯೇ ಎಂದು ಕೇಳಲಿಲ್ಲ. ಸ್ಲೀಪರ್ ಬಸ್ಸು ಬಂದಾಗಲೂ ಅದೇ ಕತೆ. ಮಂಚ ಮೊದಲು ಬಂತು. ಅದಕ್ಕೆಂದೇ ಬರೆದ ಎಐಎಸ್-119 ಎಂಬ ಮಾನದಂಡ ಬರುವ ಹೊತ್ತಿಗೆ ಅಂಥ ಬಸ್ಸುಗಳು ವರ್ಷಗಟ್ಟಲೆ ಓಡಿಯಾಗಿತ್ತು.

2022ರ ಅಕ್ಟೋಬರ್ 8ರ ನಸುಕಿನಲ್ಲಿ ನಾಸಿಕ್‌ನ ನಾಂದೂರ್ ನಾಕಾ ಬಳಿ, ಯವತ್ಮಾಳದಿಂದ ಮುಂಬೈಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಲಾರಿಗೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. 12 ಜನ ಸತ್ತರು. ವರ್ಷ ಕಳೆದು, 2023ರ ಅಕ್ಟೋಬರ್ 15ರ ರಾತ್ರಿ, ಸಂಭಾಜಿನಗರ ಜಿಲ್ಲೆಯ ವೈಜಾಪುರದ ಬಳಿ ಸಮೃದ್ಧಿ ಹೆದ್ದಾರಿಯಲ್ಲಿ ಮಿನಿ ಬಸ್ಸೊಂದು ಲಾರಿಯ ಹಿಂಬದಿಗೆ ಗುದ್ದಿತು. ಸೈಲಾನಿ ಬಾಬಾ ದರ್ಗಾದಿಂದ ನಾಸಿಕ್‌ಗೆ ಮರಳುತ್ತಿದ್ದವರು. 17 ಜನರ ಗಾಡಿಯಲ್ಲಿ 35 ಜನ. ಅಲ್ಲೂ 12 ಸಾವು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಬಳಿ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಸುಟ್ಟಾಗ ಸತ್ತ 19 ಪ್ರಯಾಣಿಕರನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಚೀನಾದಲ್ಲಿ 2011ರಲ್ಲಿ ಸ್ಲೀಪರ್ ಬಸ್ಸೊಂದು ಸುಟ್ಟು 41 ಜನ ಸತ್ತ ಮೇಲೆ, ಮರುವರ್ಷದಿಂದ ಹೊಸ ಸ್ಲೀಪರ್‌ಗಳ ನೋಂದಣಿಯನ್ನೇ ನಿಲ್ಲಿಸಿದರು.

ಬೆಲ್ಟಿನ ಚರಿತ್ರೆಯೂ ನಿಧಾನದ್ದೇ. ವೋಲ್ವೋದ ನೀಲ್ಸ್ ಬೊಹ್ಲಿನ್ ಮೂರು ಬಿಂದುಗಳ ಬೆಲ್ಟ್ ರೂಪಿಸಿದ್ದು 1959ರಲ್ಲಿ. ಭಾರತದ ಕಾರುಗಳಲ್ಲಿ ಮುಂದಿನ ಸೀಟಿಗೆ ಅದು ಕಡ್ಡಾಯವಾದದ್ದು 1994ರಲ್ಲಿ, ಹಿಂದಿನ ಸೀಟಿಗೆ 2002ರಲ್ಲಿ. ಹಿಂದೆ ಕೂತವರೂ ಹಾಕಬೇಕೆಂಬ ಮಾತು ಮನೆಮನೆಯಲ್ಲಿ ಕೇಳಿದ್ದು 2022ರ ಸೆಪ್ಟೆಂಬರಿನಲ್ಲಿ, ಪಾಲ್ಘರ್‌ನಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡ ಮೇಲೆ. ನಿಯಮದಲ್ಲಿ ಒಂದು ಸೂಕ್ಷ್ಮವಿದೆ: ಅದು ಹೇಳುವುದು ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟುಗಳ ಬಗ್ಗೆ. ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಕೂತವನನ್ನು ಸೊಂಟದ ಪಟ್ಟಿ ಹಿಡಿದರೂ ಎದೆ, ಕುತ್ತಿಗೆ ಪಕ್ಕಕ್ಕೆ ವಾಲಿ ಮುರಿಯುತ್ತವೆ.

ಗೆಳೆಯನಿಗೆ ಲೆಕ್ಕ ಹಾಕಿ ತೋರಿಸಿದೆ. ಡಿಕ್ಕಿಯ ಆಘಾತ ಗುರುತ್ವದ 20 ಪಟ್ಟಾದರೆ 60 ಕೆಜಿ ಮನುಷ್ಯ ಆ ಕ್ಷಣಕ್ಕೆ 1,200 ಕೆಜಿಯಷ್ಟು ಎಳೆಯುತ್ತಾನೆ. ಯುರೋಪಿನ ನಿಯಮದಲ್ಲಿ ಕಾರಿನ ಬೆಲ್ಟ್ ಬಿಗಿದ ಜಾಗವನ್ನು ಪರೀಕ್ಷಿಸುವಾಗ ಭುಜಕ್ಕೊಂದು, ಸೊಂಟಕ್ಕೊಂದು, ತಲಾ ಸುಮಾರು 1,350 ಕೆಜಿ ಬಲ ಹಾಕಿ ಎಳೆಯುತ್ತಾರೆ. ಪ್ಲೈವುಡ್ಡಿಗೆ ಕಚ್ಚಿದ ಸ್ಕ್ರೂ ಇದರ ಮುಂದೆ ಏನು? 20 ಕೆಜಿಯ ಪೆಟ್ಟಿಗೆಯೇ 400 ಕೆಜಿಯಾಗಿ ಮುಂದೆ ಕೂತ ಮಗುವಿನ ಬೆನ್ನಿಗೆ ಬರುತ್ತದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಕಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಮಹಾರಾಷ್ಟ್ರ 2021ರಲ್ಲಿ ಕಾರವಾನ್ ಪ್ರವಾಸ ನೀತಿಯನ್ನೂ ತಂದಿತು. ಆದರೆ ಮನೆಯಂಗಳದಲ್ಲಿ ಒಂದೇ ಗಾಡಿ ಕಟ್ಟುವವನಿಗೆ ಈ ಪರೀಕ್ಷೆಗಳ ಖರ್ಚು ಗಾಡಿಯ ಬೆಲೆಗಿಂತ ಭಾರ. ನನಗೆ ಅವನ ಮೇಲೆ ಮರುಕ ಬಂದದ್ದು ಇಲ್ಲಿಯೇ.

ಗೋದಾಮಿನಲ್ಲಿ ಬಿದ್ದಿದ್ದ ಕಂಪನಿ ಸೀಟುಗಳನ್ನು ಮೂಲ ರಂಧ್ರಗಳಿಗೇ, ಬೆಲ್ಟ್ ಸಮೇತ, ಮರಳಿ ಕೂರಿಸಿದ. ಮಡಚುವ ಹಾಸಿಗೆಗಳನ್ನು ಕೊಂಡ. ಗಾಡಿ ನಿಂತ ಮೇಲಷ್ಟೇ ಬಿಚ್ಚುತ್ತಾರೆ. ಮಕ್ಕಳಿಗೆ ಬೇಸರ, ಮಲಗಿ ಆಕಾಶ ನೋಡುತ್ತ ಹೋಗಬಹುದೆಂದು ಕಾದಿದ್ದವು. ಬಡಗಿ ಮಾಡಿದ ಪೆಟ್ಟಿಗೆಗಳಲ್ಲೊಂದು ಈಗ ಅವನ ಬಾಲ್ಕನಿಯಲ್ಲಿದೆ. ಭಾನುವಾರ ಅದರ ಮೇಲೆ ಕೂತು ಚಹಾ ಕುಡಿಯುತ್ತೇವೆ.