ಸತ್ತ ಸಿಲಿಂಡರ್ ಯಾವುದು?

ದೆಹಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸ್‌ಗಳು 1940ರ ದಶಕದವು. ಸರ್ಕಾರಿ ನೌಕರರಿಗಾಗಿ ಬ್ರಿಟಿಷರು ಕಟ್ಟಿಸಿ ಬಿಟ್ಟುಹೋದವು. ವರ್ಗಾವಣೆಯ ಆದೇಶ ಬಂತೆಂದರೆ ಅಲ್ಲಿಗೆ ಸಾಮಾನು ಹೊರಲು ಲಾರಿ ಬರಲೇಬೇಕು. ಪಕ್ಕದ ಕೋಟ್ಲಾ ಮುಬಾರಕ್‌ಪುರದ ಕಟ್ಟಡ ಸಾಮಗ್ರಿ ಅಂಗಡಿಗಳಿಗೂ ಟಾಟಾ 407ರಂಥ ಗಾಡಿಗಳೇ ಕೈಕಾಲು. ಜನವರಿಯ ಮುಂಜಾನೆ, ನಾಲ್ಕೈದು ಡಿಗ್ರಿ ಚಳಿಯಲ್ಲಿ ಹಳೆಯ ಡೀಸೆಲ್ ಗಾಡಿ ಸ್ಟಾರ್ಟ್ ಆದರೆ ಬಿಳಿ ಹೊಗೆ ಉಗುಳುತ್ತದೆ, ಕ್ಯಾಬಿನ್ನಿನ ಗಾಜು ಗಡಗಡ ಅನ್ನುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಡುಕ ನಿಂತರೆ ಅದು ಚಳಿಯ ಕಾಟ. ನಿಲ್ಲದಿದ್ದರೆ ರೋಗ. ಈ ರೋಗ ಪತ್ತೆ ಮಾಡುವ ವಿದ್ಯೆಗೆ ನಮ್ಮ ದೇಶದಲ್ಲಿ ಸುಮಾರು ಎಪ್ಪತ್ತು ವರ್ಷದ ಚರಿತ್ರೆಯಿದೆ, ಅದರ ಒಂದು ಬೇರು ಬೆಂಗಳೂರಿನಲ್ಲಿದೆ.

ಎಂಜಿನ್ನಿನ ಸಿಲಿಂಡರ್‌ಗಳಿಗೆ ಡೀಸೆಲ್ ಚಿಮ್ಮಿಸುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಟಾಟಾ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ್ದು 1954ರಲ್ಲಿ. ಮರುವರ್ಷ ಮದರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಈ ಲಾರಿಗಳಿಗೆ ಪಂಪು, ನಾಜಲ್ ಒದಗಿಸಿದ್ದು 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ಬೋರ್ಡು ಬದಲಾದರೂ ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ.

ಆಗಿನ ಮೆಕ್ಯಾನಿಕ್ ಬಳಿ ಇದ್ದ ಉಪಕರಣ ಎರಡು, ಸ್ಪ್ಯಾನರು ಮತ್ತು ಕಿವಿ. ಎಂಜಿನ್ ಐಡ್ಲಿಂಗಿನಲ್ಲಿ ಓಡುತ್ತಿರುವಾಗಲೇ ಅವನು 17ರ ಸ್ಪ್ಯಾನರ್ ಹಾಕಿ ಒಂದನೇ ನಾಜಲ್‌ಗೆ ಹೋಗುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸುತ್ತಾನೆ. ಡೀಸೆಲ್ ಚಿರಕ್ಕೆಂದು ಹೊರಗೆ ಸೋರುತ್ತದೆ, ಆ ಸಿಲಿಂಡರ್‌ಗೆ ಊಟ ನಿಲ್ಲುತ್ತದೆ. ಎಂಜಿನ್ನಿನ ಸದ್ದು ಕುಗ್ಗಿದರೆ ಅಷ್ಟು ಹೊತ್ತೂ ಆ ಸಿಲಿಂಡರ್ ದುಡಿಯುತ್ತಿತ್ತು ಎಂದಾಯಿತು. ನಟ್ಟು ಬಿಗಿ ಮಾಡಿ ಮುಂದಿನದಕ್ಕೆ ಹೋಗುತ್ತಾನೆ. ಯಾವುದನ್ನು ಸಡಿಲಿಸಿದರೂ ಸದ್ದಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲವೋ ಸತ್ತದ್ದು ಅದೇ. ಆಮೇಲೆ ಅದರ ನಾಜಲ್ಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡುತ್ತಾನೆ. ಮಿಸ್ಸಿಂಗ್ ಪಕ್ಕದ ಸಿಲಿಂಡರ್‌ಗೆ ಹೋದರೆ ತಪ್ಪು ನಾಜಲ್ಲಿನದು. ಅಲ್ಲೇ ಉಳಿದರೆ ಪಂಪಿನದು, ಇಲ್ಲವೇ ವಾಲ್ವು, ರಿಂಗು ಸವೆದು ಕಂಪ್ರೆಶನ್ ಬಿದ್ದಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಗಿಂತ ಚೊಕ್ಕವಾದದ್ದನ್ನು ಆಮೇಲಿನ ಯಾವ ಯಂತ್ರವೂ ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಿವಿಯ ಹಿಂದೆ ಲೆಕ್ಕವೂ ಇದೆ. ಆರು ಸಿಲಿಂಡರ್ ಎಂಜಿನ್ನಿನಲ್ಲಿ ಬೆಂಕಿ ಬೀಳುವ ಕ್ರಮ ಸಾಮಾನ್ಯವಾಗಿ 1-5-3-6-2-4. ನಿಮಿಷಕ್ಕೆ 600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಬೆಂಕಿ ಬೀಳುತ್ತದೆ. ಅಷ್ಟು ವೇಗದ ಮಿಡಿತ ಒಂದೇ ಸಮನಾದ ಗುಂಯ್‌ಗುಡುವಿಕೆ. ಒಂದು ಸಿಲಿಂಡರ್ ಸತ್ತರೆ ಎರಡು ಸುತ್ತಿಗೊಮ್ಮೆ ಕುಂಟು, ಅಂದರೆ ಸೆಕೆಂಡಿಗೆ ಐದು. ಇದು ಸೀಟಿಗೆ, ಸ್ಟಿಯರಿಂಗಿಗೆ, ಕನ್ನಡಿಗೆ ಎಣಿಸುವಷ್ಟು ನಿಧಾನವಾಗಿ ತಟ್ಟುತ್ತದೆ. ನಾಲ್ಕು ಸಿಲಿಂಡರ್‌ನ 407 ಆರೋಗ್ಯವಾಗಿದ್ದಾಗಲೂ ಸ್ವಲ್ಪ ಹೆಚ್ಚೇ ಅದುರುತ್ತದೆ. ಪಿಸ್ಟನ್ನುಗಳ ಓಟದಿಂದ ಹುಟ್ಟುವ, ಸುತ್ತಿಗೆ ಎರಡು ಸಲದ ಅದುರು ಅದರಲ್ಲಿ ಪೂರ್ತಿ ವಜಾ ಆಗುವುದಿಲ್ಲ. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಆಗುತ್ತದೆ. 407ರ ಆ ಅದುರನ್ನೇ ರೋಗವೆಂದು ದುಡ್ಡು ಸುರಿದವರಿದ್ದಾರೆ.

ಮುಂದೆ ಊರೂರಿಗೂ ಡೀಸೆಲ್ ಪಂಪ್ ಸರ್ವಿಸ್ ಅಂಗಡಿಗಳು ಬಂದವು. ಕೈಹಿಡಿಯ ನಾಜಲ್ ಟೆಸ್ಟರ್‌ನಲ್ಲಿ ಸುಮಾರು 200 ಬಾರ್ ಒತ್ತಡ ಕೊಟ್ಟು, ನಾಜಲ್ ಮಂಜಿನಂತೆ ಸಿಂಪಡಿಸುತ್ತದೋ ಇಲ್ಲ ತೊಟ್ಟಿಕ್ಕುತ್ತದೋ ಎಂದು ಕಣ್ಣಾರೆ ನೋಡಬಹುದಾಯಿತು. ಪಂಪನ್ನು ಬೆಂಚಿಗೆ ಏರಿಸಿ, ಪ್ರತಿ ಪೈಪಿನಿಂದ ಎಷ್ಟು ಡೀಸೆಲ್ ಬೀಳುತ್ತದೆಂದು ಗಾಜಿನ ನಳಿಕೆಗಳಲ್ಲಿ ಅಳೆದು ಸಮ ಮಾಡಬಹುದಾಯಿತು. ವಿದ್ಯೆ ಬೆಳೆದದ್ದು ನಿಜ, ಅದರ ಜೊತೆ ಒಂದು ಕೆಟ್ಟ ಚಾಳಿಯೂ ಬೆಳೆಯಿತು. ಗಾಡಿ ನಡುಗಿದರೆ ಸಾಕು, "ಪಂಪ್ ಇಳಿಸಿ". ಫೀಡ್ ಪೈಪಿನ ತಾಮ್ರದ ವಾಷರ್ ಸವೆದು ಏರ್ ಹಿಡಿದರೂ ಎಂಜಿನ್ ಏರಿಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡರೂ ಅಷ್ಟೇ. ಎಂಜಿನ್ ಫೌಂಡೇಶನ್ನಿನ ರಬ್ಬರ್ ಕುಸಿದು ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ, ಎಂಜಿನ್ ಸರಿಯಾಗಿಯೇ ಓಡುತ್ತಿದ್ದರೂ ಚಾಸಿಯೆಲ್ಲ ನಡುಗುತ್ತದೆ. ಕ್ಲಚ್ ತುಳಿದಾಗ ನಡುಕ ಬದಲಾದರೆ ಹುಡುಕಬೇಕಾದದ್ದು ಕ್ಲಚ್ಚಿನ ಕಡೆ. ಗಾಡಿ ಓಡುವಾಗ ಮಾತ್ರ ನಡುಗಿದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್‌ನ ಕ್ರಾಸು, ಸೆಂಟರ್ ಬೇರಿಂಗು. ಇವು ಯಾವುವೂ ಬೆಂಚಿನ ಮೇಲೆ ಕಾಣುವಂಥವಲ್ಲ.

ಮುಂದಿನ ತಿರುವು ಬಂದದ್ದು ಹೊಗೆಯಿಂದ, ಬಹುಮಟ್ಟಿಗೆ ದೆಹಲಿಯಿಂದಲೇ. ವಕೀಲ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿಯ ಬಸ್ಸುಗಳನ್ನು ಸಿಎನ್‌ಜಿಗೆ ತಿರುಗಿಸಲು ಆದೇಶಿಸಿತು. ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳು ಬಂದವು. ಬಿಎಸ್-4 ದೆಹಲಿಗೆ 2010ರಲ್ಲೇ ಬಂತು, ದೇಶಕ್ಕೆಲ್ಲ 2017ರಲ್ಲಿ, ಬಿಎಸ್-6 2020ರಲ್ಲಿ. ಹಳೆಯ ಸಾಲು ಪಂಪಿನ ಜಾಗಕ್ಕೆ, ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಒದಗಿಸುವ ಕಾಮನ್ ರೈಲ್ ಬಂತು. ಪ್ರತಿ ಸಿಲಿಂಡರ್‌ಗೆ ಯಾವಾಗ, ಎಷ್ಟು ಡೀಸೆಲ್ ಎಂಬುದನ್ನು ನಿರ್ಧರಿಸುವ ಹೊಣೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೋಯಿತು.

ಈ ಇಸಿಯು ಮಾಡುವ ಕೆಲಸ ನೋಡಿದರೆ ನಗು ಬರುತ್ತದೆ. ಬಾಷ್ ಪದ್ಧತಿಯಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಚಕ್ರಕ್ಕೆ 60 ಹಲ್ಲಿನ ಜಾಗ, ಅದರಲ್ಲಿ ಎರಡು ಖಾಲಿ. ಸೆನ್ಸರ್ ಮುಂದೆ ಒಂದೊಂದು ಹಲ್ಲು ಹಾದುಹೋಗುವ ಸಮಯವನ್ನು ಅದು ಅಳೆಯುತ್ತದೆ. ದುರ್ಬಲ ಸಿಲಿಂಡರ್‌ನ ಸರದಿಯಲ್ಲಿ ಚಕ್ರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಇಸಿಯು ಅದಕ್ಕೆ ಡೀಸೆಲ್ ತುಸು ಹೆಚ್ಚಿಸಿ, ಬಲವಾದದ್ದಕ್ಕೆ ತುಸು ಕಡಿತ ಮಾಡಿ ಐಡ್ಲಿಂಗ್ ಸಮ ಮಾಡುತ್ತದೆ. ಸ್ಕ್ಯಾನರ್ ಹಚ್ಚಿದರೆ ಪ್ರತಿ ಸಿಲಿಂಡರ್‌ನ ಈ ತಿದ್ದುಪಡಿ ಅಂಕಿಯಾಗಿ ಕಾಣುತ್ತದೆ. ಮೆಕ್ಯಾನಿಕ್ ನಟ್ಟು ಸಡಿಲಿಸಿ ಕೇಳುತ್ತಿದ್ದ ಪ್ರಶ್ನೆಯೇ ಇದು. ಆದರೆ ಒಂದು ಅಂಕಿ ಹೆಚ್ಚಿದೆ ಎಂದರೆ ಆ ಸಿಲಿಂಡರ್ ದುರ್ಬಲ ಎಂದಷ್ಟೇ ಅರ್ಥ. ಇಂಜೆಕ್ಟರೋ ಕಂಪ್ರೆಶನ್ನೋ ಎಂದು ಅದು ಹೇಳುವುದಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ, ಮಸಿ ಕಟ್ಟಿ ತೆರೆದೇ ಉಳಿದ ಇಜಿಆರ್ ವಾಲ್ವಿನಂಥ ಹೊಸ ರೋಗಗಳೂ ಸೇರಿಕೊಂಡಿವೆ. ಅಂಕಿ ಹೇಳದ್ದನ್ನು ತಿಳಿಯಲು ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ಬಾಟಲಿ ಕಟ್ಟಿ, ಯಾವುದು ಹೆಚ್ಚು ಡೀಸೆಲ್ ವಾಪಸ್ ಬಿಡುತ್ತದೆಂದು ನೋಡುವ ಪರೀಕ್ಷೆ ಇನ್ನೂ ಬೇಕು.

ದೆಹಲಿಯಲ್ಲಿ "ಹಳೆಯ ಗಾಡಿ" ಎಂಬುದರ ವಯಸ್ಸನ್ನೂ ಕಾನೂನೇ ನಿಗದಿ ಮಾಡಿತ್ತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರ ನವೆಂಬರ್‌ನಿಂದ ಹೊರರಾಜ್ಯದ ಬಿಎಸ್-3 ಮತ್ತು ಅದಕ್ಕೂ ಹಿಂದಿನ ಸರಕು ವಾಹನಗಳಿಗೆ ಪ್ರವೇಶವಿಲ್ಲ. ಹೀಗಾಗಿ ಲೋಧಿ ಕಾಲೋನಿಗೆ ಬರುವ ಹಳೆಯ ಲಾರಿ ಎಂದರೆ ಈಗ ಬಹುತೇಕ ಕಾಮನ್ ರೈಲ್ ಗಾಡಿ. ಸ್ಪ್ಯಾನರಿಗೆ ಬಗ್ಗುವ ಮೈಕೋ ಪಂಪಿನ ಲಾರಿಗಳು ನಮ್ಮ ಹಳ್ಳಿಗಾಡಿನ ಕಲ್ಲು, ಮರಳು, ಕಬ್ಬಿನ ಹಾದಿಯಲ್ಲಿ ಇನ್ನೂ ದುಡಿಯುತ್ತಿವೆ.

ಗಾಡಿ ಇಟ್ಟುಕೊಂಡವರಿಗೆ ಎರಡು ಮಾತು. ಪಂಪನ್ನೋ ಇಂಜೆಕ್ಟರನ್ನೋ ಬಿಚ್ಚಲು ಒಪ್ಪುವ ಮುನ್ನ ಫೌಂಡೇಶನ್ ರಬ್ಬರು, ಫಿಲ್ಟರು, ಏರ್ ಲೀಕು ಈ ಮೂರನ್ನು ನಿಮ್ಮ ಎದುರೇ ನೋಡಿಸಿ. ಸತ್ತ ಸಿಲಿಂಡರ್ ಯಾವುದೆಂದು ಮೆಕ್ಯಾನಿಕ್ ಬೆರಳಿಟ್ಟು ತೋರಿಸಲಿ. ಇನ್ನೊಂದು, ಕಾಮನ್ ರೈಲ್ ಎಂಜಿನ್ ಓಡುವಾಗ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಲು ಯಾರನ್ನೂ ಬಿಡಬೇಡಿ. ಅಲ್ಲಿ ಒತ್ತಡ 1,600 ಬಾರ್, ಕೆಲವದರಲ್ಲಿ ಅದಕ್ಕೂ ಮೇಲೆ ಏರುತ್ತದೆ. ಸೂಜಿಯಷ್ಟು ತೆಳ್ಳನೆಯ ಧಾರೆ ಚರ್ಮ ಸೀಳಿ ಒಳಗೆ ಹೋದರೆ ಬೆರಳನ್ನೇ ಕತ್ತರಿಸಬೇಕಾದೀತು.